ಹಲ್ಲು ಬಾರದ ಮಗುವೂ ನರ್ಸಮ್ಮನೂ

ನರ್ಸಮ್ಮನ ಬಲಗೈಯ ಕಿರುಬೆರಳಿನ ಉಗುರು ಯಾವಾಗಲೂ ಬುಡದವರೆಗೆ ಕತ್ತರಿಸಿರುತ್ತಿತ್ತು. ಮನೆಗೆ ಬಂದವರೇ ಬಾವಿಕಟ್ಟೆಗೆ ಹೋಗಿ, ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದು, ಆ ಬೆರಳಿನಿಂದ ಮಗುವಿನ ವಸಡನ್ನು ಮೆಲ್ಲಗೆ ಸವರಿ ನೋಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಆಲಂಕಾರಿನ ಸುತ್ತಮುತ್ತ ಮನೆಮನೆಗೆ ನಡೆದೇ ಬರುತ್ತಿದ್ದ ಸರಕಾರಿ ನರ್ಸು ಅವರು. ಕಾಫಿ ಮುಟ್ಟುವವರಲ್ಲ, ಉಪ್ಪು ಹಾಕಿದ ಗಂಜಿತಿಳಿ ಕೇಳಿ ಕುಡಿಯುವರು.

ನೆರೆಮನೆಯ ಮಗುವಿಗೆ ಹನ್ನೊಂದು ತಿಂಗಳಾದರೂ ಹಲ್ಲು ಬಂದಿರಲಿಲ್ಲ. ತಾಯಿ ಅಳುವುದೊಂದು ಬಾಕಿ. ನರ್ಸಮ್ಮ ನಕ್ಕುಬಿಟ್ಟರು.

"ಎಂತ ಗಾಬರಿ ಮಾರಾಯ್ತಿ? ನಗ್ತಾನೆ, ಹರಿದಾಡ್ತಾನೆ, ನನ್ನ ಬೆರಳನ್ನೇ ಜಗಿಯಲಿಕ್ಕೆ ನೋಡ್ತಾನೆ. ಕೆಲವರಿಗೆ ತಡ ಆಗ್ತದೆ. ವರ್ಷ ದಾಟಿಯೂ ಬಾರದಿದ್ರೆ ಒಮ್ಮೆ ಡಾಕ್ಟ್ರಿಗೆ ತೋರಿಸುವ."

ಅದೇ ದಿನ ನಮ್ಮ ಮನೆಗೂ ಬಂದರು. ಹೆರಿಗೆಗೆ ಈಶ್ವರಮಂಗಲದ ತಾಯಿಮನೆಗೆ ಹೋಗಿದ್ದ ನಾನು ಮಗಳೊಂದಿಗೆ ಹಿಂತಿರುಗಿ ಕೆಲವೇ ದಿನಗಳಾಗಿದ್ದವು. ಅವಳಿಗೆ ಹತ್ತು ತಿಂಗಳು, ಅವಳಿಗೂ ಹಲ್ಲು ಬಂದಿರಲಿಲ್ಲ. ಅಳುವುದೇ ಅಪರೂಪ, ಎಂಥ ಒಳ್ಳೆಯ ಮಗು ಎಂದು ಎಲ್ಲರೂ ಹೊಗಳುವರು, ನನಗೂ ಹೆಮ್ಮೆ. ನರ್ಸಮ್ಮ ಈ ಸಲ ನಗಲಿಲ್ಲ.

"ಹಲ್ಲಿನದ್ದಲ್ಲ ನನ್ನ ಚಿಂತೆ. ಇವಳು ಇನ್ನೂ ಕೂರುದಿಲ್ಲ. ಹಾಲಿಗೂ ಎಬ್ಬಿಸಬೇಕು ಅಂತಿ. ನಾಲಿಗೆ ದಪ್ಪ, ಮೈ ತಣ್ಣಗೆ ಉಂಟು. ನಾಳೆಯೇ ಪುತ್ತೂರಿಗೆ ಕರ್ಕೊಂಡು ಹೋಗು."

"ನನ್ನ ಮಗನಿಗೂ ಹಲ್ಲು ತಡವಾಗಿಯೇ ಬಂದದ್ದು" ಎಂದರು ಅತ್ತೆ. ನನಗೆ ಬೇಕಾದದ್ದೂ ಆ ಮಾತೇ. ನೆರೆಮನೆಯಲ್ಲಿ ನಕ್ಕವರು ನನ್ನ ಮಗುವಿನಲ್ಲಿ ಮಾತ್ರ ಕುಂದು ಹುಡುಕಿದರೆಂದು ಸಿಟ್ಟೂ ಬಂತು.

ಮುಂದಿನ ವಾರ ಅವರು ಅಂಗಳಕ್ಕೆ ಬಂದಾಗ, ಮಗುವನ್ನೆತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಸೊಸೆ ತಾಯಿಮನೆಗೆ ಹೋಗಿದ್ದಾಳೆ ಎಂದರು ಅತ್ತೆ. ಅಷ್ಟರಲ್ಲಿ ಮಗಳು ಅತ್ತಳು, ಅವಳ ಆ ಒಡಕು ದನಿಯಲ್ಲಿ. ಆಮೇಲೆ ನರ್ಸಮ್ಮ ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಬಂದ ಮೇಲೆ ಹೇಳಿ. ಬಸ್ಸಿಗೆ ನಾನೇ ಜೊತೆಗೆ ಬರ್ತೇನೆ."

ನಾನು ಎಂಟು ತಿಂಗಳು ಹೇಳಲಿಲ್ಲ. ನೆರೆಮನೆಯ ಹುಡುಗ ನಾಲ್ಕು ಹಲ್ಲು ಬಿಟ್ಟು ನಗುತ್ತಾ ನಮ್ಮ ಜಗಲಿಗೆ ನಡೆದು ಬಂದ ದಿನ, ಚಾಪೆಯ ಮೇಲೆ ಮಲಗಿಯೇ ಇದ್ದ ಮಗಳನ್ನು ಎತ್ತಿಕೊಂಡು ನರ್ಸಮ್ಮನಲ್ಲಿಗೆ ಓಡಿದೆ. ಅವರು ಕೂಡಲೇ ಬಸ್ಸಿಗೆ ಹೊರಟರು. ಪುತ್ತೂರಿನವರೆಗೂ ಮಗಳು ಅವರ ಮಡಿಲಲ್ಲೇ ಇದ್ದಳು. ಅಲ್ಲಿಯ ಡಾಕ್ಟರು ಮಂಗಳೂರಿಗೆ ಕಳಿಸಿದರು. ರಕ್ತ ಪರೀಕ್ಷೆಯಾಯಿತು. ಥೈರಾಯ್ಡ್ ಕೊರತೆ, ದಿನಕ್ಕೊಂದು ಗುಳಿಗೆ, ಜೀವಮಾನವಿಡೀ.

ಕೆಲವೇ ತಿಂಗಳಲ್ಲಿ ಹಲ್ಲು ಮೂಡಿತು. ಎದ್ದು ನಿಂತಳು, ನಡೆದಳು. ಬುದ್ಧಿ ಮಾತ್ರ ಮೈಯ ಜೊತೆ ಬೆಳೆಯಲಿಲ್ಲ. ಹುಟ್ಟಿದ ಹೊಸತರಲ್ಲೇ ಗುಳಿಗೆ ಸಿಗಬೇಕಿತ್ತು, ಆಮೇಲಿನ ಒಂದೊಂದು ತಿಂಗಳೂ ನಷ್ಟವೇ ಎಂದಿದ್ದರು ಡಾಕ್ಟರು. ಅದರಲ್ಲಿ ಎಂಟು ತಿಂಗಳು ನನ್ನವು. ಒಂದನೇ ಕ್ಲಾಸಿನಲ್ಲಿ ಮೂರು ವರ್ಷ ಕೂತರೂ ಅವಳಿಗೆ ಅಕ್ಷರ ಹತ್ತಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ, ನಿವೃತ್ತರಾಗಿ ನರಿಮೊಗರಿನಲ್ಲಿದ್ದ ನರ್ಸಮ್ಮ ಹಾಸಿಗೆ ಹಿಡಿದರೆಂದು ತಿಳಿದು ನೋಡಲು ಹೋದೆ. "ಆ ದಿನ ನಾನು ಒಳಗೇ..." ಎಂದು ಶುರು ಮಾಡಿದೆ.

"ಗೊತ್ತುಂಟು. ಮಗುವಿನ ಸ್ವರ ಕೇಳಿತ್ತು" ಎಂದರು. "ಬಾಗಿಲು ತಳ್ಳಿ ಬರಬೇಕಿತ್ತು ನಾನು. ಅವರ ಮನೆ, ಅವರ ಮಗು ಅಂತ ಹಿಂದೆ ಹೋದೆ. ತಪ್ಪಾಯ್ತು."

ನಾನು ಆಡಬೇಕಿದ್ದ ಮಾತನ್ನು ಅವರು ಆಡಿಬಿಟ್ಟಿದ್ದರು. ನನ್ನದನ್ನು ಇನ್ನೊಮ್ಮೆ ಬಂದು ಹೇಳೋಣ ಎಂದುಕೊಂಡು ಎದ್ದು ಬಂದೆ. ಆ ತಿಂಗಳೇ ಅವರು ತೀರಿಕೊಂಡರು.