ರೆಕಾರ್ಡಿಗೆ ಹಚ್ಚಿದ ಕುಂಕುಮ

ಆಯುಧಪೂಜೆಯ ಮರುದಿನ ನ್ಯೂಜೆರ್ಸಿಯ ಹಳೇ ರೆಕಾರ್ಡುಗಳ ಅಂಗಡಿಯಲ್ಲಿ ತಪ್ಪು ಮಾಡಿದವನ ಹಾಗೆ ನಿಂತಿದ್ದೇನೆ. ನಿನ್ನೆ ಫೋರ್ಟ್ ಲೀಯಲ್ಲಿ, ಅಕ್ಕನ ಮನೆಯಲ್ಲಿ, ಭಾವನ ಕಾರು, ನನ್ನ ಆಫೀಸಿನ ಲ್ಯಾಪ್‌ಟಾಪು ಎಲ್ಲಕ್ಕೂ ಕುಂಕುಮ ಹಚ್ಚುತ್ತ ಹೋದವನು ಅಕ್ಕನ ಮಗ ನಿಖಿಲನ ಒಂದೇ ಹಾಡಿನ ಪುಟ್ಟ ರೆಕಾರ್ಡನ್ನೂ ಬಿಡಲಿಲ್ಲ. ಸಂಗೀತ ತಾನೇ, ಸರಸ್ವತಿ ಅಂದುಕೊಂಡು ಕವರಿನಿಂದ ತೆಗೆದು ಅದರ ಕಪ್ಪು ಮೈಗೇ ಒದ್ದೆ ಕುಂಕುಮ ಇಟ್ಟೆ.

ಅಂಗಡಿಯ ಮುದುಕ ಅದನ್ನು ಅಂಚಿನಲ್ಲಷ್ಟೇ ಹಿಡಿದು ತೊಳೆದ, ಒರೆಸಿದ, ಪ್ಲೇಯರಿಗೆ ಹಾಕಿ ಮುಳ್ಳು ಇಟ್ಟ. ಯಾರೋ ಹುಡುಗಿ ತೆಳು ದನಿಯಲ್ಲಿ ಹಾಡಿದಳು. ಪ್ರತಿ ಸುತ್ತಿಗೂ ನನ್ನ ಭಕ್ತಿ ಟಕ್ ಅಂತು.

"ಇನ್ನೊಂದು ಕೊಡಿ" ಅಂದೆ.

"ಎಲ್ಲಿಂದ ತರಲಿ? ಯಾವುದೋ ಕಾಲೇಜು ಹುಡುಗರು ಒಂದಿಷ್ಟು ಮಾಡಿಸಿದ್ದರು, ಅಷ್ಟೆ. ಕವರನ್ನೂ ಅವರೇ ಕತ್ತರಿಸಿ ಅಂಟಿಸಿದ್ದಾರೆ ನೋಡಿ" ಅಂದ. ಒಣಗಿದ ಗೋಂದಿನ ಮೇಲೆ ಯಾರದೋ ಬೆರಳಚ್ಚು ಉಳಿದಿತ್ತು.

ನನಗೆ ರೇಗಿತು. ಪಕ್ಕದಲ್ಲೇ ನಿಂತಿದ್ದ ನಿಖಿಲನಿಗೆ, "ಎರಡು ನಿಮಿಷದ ಹಾಡು ಕಣೋ, ಕಂಪ್ಯೂಟರಿಗೆ ಇಳಿಸಿಕೊಡ್ತೀನಿ ಬಾ" ಅಂದೆ.

ನಿಖಿಲ್ ರೆಕಾರ್ಡನ್ನು ಮೆಲ್ಲಗೆ ಕವರಿನೊಳಗೆ ಸೇರಿಸುತ್ತ, "ಇಟ್ಸ್ ಓಕೆ, ಅಂಕಲ್" ಅಂದ.

ಅಕ್ಕನ ಮನೆಗೆ ಬಂದುಹೋಗುವ ಗಂಡಸರೆಲ್ಲ ಅವನಿಗೆ ಅಂಕಲ್. ನಿನ್ನೆಯ ತನಕ ನಾನೊಬ್ಬನೇ ಮಾಮನಾಗಿದ್ದೆ.