ಪಲ್ಲಾಡಿಯಂ ಕಳುವಾಯಿತೆಂದ ದಿನ

ಲಿಂಗಸುಗೂರಿನಿಂದ ಮಸ್ಕಿ ಹಾಯ್ದು ದಿನಾ ಬಸ್ಸಿನಲ್ಲಿ ಸಿಂಧನೂರಿಗೆ ಹೋಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಕಾಲವದು, ತೊಂಬತ್ತರ ದಶಕದ ನಡುಭಾಗ. ನನಗೆ ಆಗ ನನ್ನ ಬುದ್ಧಿಯ ಬಗ್ಗೆ ವಿಪರೀತ ಸೊಕ್ಕು. ಸಂಶೋಧನೆ ಮಾಡಿದ ಲ್ಯಾಬಿನಿಂದ ಬರುವಾಗ ಒಂದು ಸಣ್ಣ ಸೀಸೆ ಕರಿ ಪುಡಿ ಕೇಳಿ ತಂದಿದ್ದೆ. ಇದ್ದಲಿ ಪುಡಿಗೆ ಅಂಟಿಸಿದ ಪಲ್ಲಾಡಿಯಂ ಲೋಹ ಅದು.

ಒಂದು ಬೆಂಜೀನ್ ಉಂಗುರಕ್ಕೆ ಅಯೋಡಿನ್ ಹಚ್ಚಿ, ಇನ್ನೊಂದಕ್ಕೆ ಬೋರಾನ್ ಹಚ್ಚಿ ಬಿಟ್ಟರೆ ಪಲ್ಲಾಡಿಯಂ ಎರಡೂ ಉಂಗುರಗಳನ್ನು ಜೋಡಿಸಿಕೊಡುತ್ತದೆ. ಎಲ್ಲರೂ ಇದನ್ನು ಫ್ಲಾಸ್ಕಿನಲ್ಲಿ ಕುದಿಸಿ ಮಾಡುತ್ತಿದ್ದರು. ನನಗೆ ಮಾತ್ರ ಕಾಲುವೆ ನೀರಿನಂತೆ ನಿಲ್ಲದೆ ಹರಿಸಿ ಮಾಡುವ ಹುಚ್ಚು. ಕರಿ ಪುಡಿಯನ್ನು ಗಾಜಿನ ನಳಿಕೆಯಲ್ಲಿ ತುಂಬಿ, ಎರಡೂ ತುದಿಗೆ ಹತ್ತಿ ತುರುಕಿ, ಸುತ್ತ ಬಿಸಿನೀರು ಇಟ್ಟೆ. ಮೇಲೆ ಸಲೈನ್ ಬಾಟಲಿ ತೂಗುಹಾಕಿ ಅದರ ಪೈಪಿನಿಂದಲೇ ಆ ಎರಡರ ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆ. ಕೆಳಗಿನ ಬಾಟಲಿಯಲ್ಲಿ ಹಿಡಿದದ್ದಕ್ಕೆ ತಣ್ಣೀರು ಹಾಕಿದರೆ ಜೋಡಿಯಾದ ಉಂಗುರಗಳ ಬಿಳಿ ಹರಳುಗಳು ಬೀಳುತ್ತಿದ್ದವು. ಅವನ್ನು ನೋಡಿ ನನಗೆ ಕಾಲು ನೆಲಕ್ಕೆ ತಾಗದಷ್ಟು ಖುಷಿ.

ನಮ್ಮ ಕಾಲೇಜು ಲ್ಯಾಬಿನ ಆಯಾ ಗೊರೇಬಾಳದವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಯಕ್ಕಾ ಅನ್ನುತ್ತಿದ್ದೆ, ಅವರು ನನ್ನನ್ನು ಟೀಚರಿಗೆ ಕರೆಯುವ ಹಾಗೆ ಅಕ್ಕೋರ ಅನ್ನುತ್ತಿದ್ದರು. ಗಾಜು ತೊಳೆಯುವುದು, ಬೀಗದ ಕೈ ಇಟ್ಟುಕೊಳ್ಳುವುದು ಅವರ ಕೆಲಸ. ಒಂದು ದಿನ, "ಅಕ್ಕೋರ, ಈ ಮಸಿ ಬೆಳ್ಳಿಗಿಂತ ತುಟ್ಟಿ ಅಂತಲ್ರೀ, ಖರೇನ?" ಎಂದು ಕೇಳಿದ್ದರು. ಜಂಬದಿಂದ ಹೂಂ ಅಂದಿದ್ದೆ.

ಮೂರು ವಾರದಲ್ಲಿ ಹರಳು ಕಡಿಮೆಯಾಗುತ್ತಾ ಬಂದು ಪೂರಾ ನಿಂತೇಹೋಯಿತು. ನಳಿಕೆ ಬಿಚ್ಚಿದರೆ ಕರಿ ಪುಡಿ ಇದ್ದಷ್ಟೇ ಇತ್ತು. ಕ್ರಿಯೆ ನಡೆಸಿಕೊಡುವ ಪಲ್ಲಾಡಿಯಂನಂಥ ವೇಗವರ್ಧಕ ಖರ್ಚಾಗುವುದಿಲ್ಲ ಎಂದು ತರಗತಿಯಲ್ಲಿ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದವಳು ನಾನು. ಹಾಗಾದರೆ ಯಾರೋ ಅಸಲಿ ಪುಡಿ ತೆಗೆದು ಒಲೆಯ ಇದ್ದಲಿ ಕುಟ್ಟಿ ತುಂಬಿದ್ದಾರೆ. ಬೀಗದ ಕೈ ಇದ್ದದ್ದು ಒಬ್ಬರ ಹತ್ತಿರ, ಬೆಲೆ ವಿಚಾರಿಸಿದ್ದೂ ಅವರೇ. ಇಷ್ಟು ಸಾಕಾಯಿತು ನನಗೆ.

ಯಕ್ಕನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆಸಿ, ಪ್ರಿನ್ಸಿಪಾಲರು, ಇಬ್ಬರು ಉಪನ್ಯಾಸಕರು, ಗುಮಾಸ್ತರು, ಜವಾನ, ಹೀಗೆ ಐದು ಜನರ ಮುಂದೆ ಕದ್ದವರು ಇವರೇ ಎಂದು ಹೇಳಿಬಿಟ್ಟೆ. ಯಕ್ಕ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದರು.

"ಇದರಾಣಿ, ನಾ ಮುಟ್ಟಿಲ್ರೀ."

"ಆಣಿ ಗೀಣಿ ಬ್ಯಾಡ. ಕೆಮಿಸ್ಟ್ರಿ ಸುಳ್ಳು ಹೇಳಂಗಿಲ್ಲ," ಅಂದೆ. ಆ ಮಾತು ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ.

ಮರುದಿನದಿಂದ ಅವರು ಬರಲಿಲ್ಲ. ಬಾಟಲಿ ನಾನೇ ತೊಳೆಯಬೇಕಾಯಿತು. ಎಷ್ಟು ತಿಕ್ಕಿದರೂ ಒಳಗೆ ಬೂದು ಬಣ್ಣದ ತೆಳು ಪದರ ಹೋಗಲೊಲ್ಲದು. ಆಗ ನೆನಪಾಯಿತು: ಇದನ್ನೇ ಯಕ್ಕ ಎರಡು ಸಲ ಹೇಳಿದ್ದರು. "ಬಾಟ್ಲಿಗೆ ಮಸಿ ಹಿಡದೈತ್ರೀ ಅಕ್ಕೋರ, ಹೋಗವಲ್ದು." ಆ್ಯಸಿಡ್ ಹಾಕಿ ಚೆಲ್ಲು ಅಂದವಳು ನಾನೇ. ಆ ಪದರವನ್ನು ಆಮ್ಲದಲ್ಲಿ ಕರಗಿಸಿ, ನಿಕ್ಕಲ್ ಪತ್ತೆಗೆ ಹುಡುಗರಿಗೆ ಕೊಡುವ ದ್ರಾವಣ ಹಾಕಿದೆ. ನಿಕ್ಕಲ್ ಇದ್ದರೆ ಕೆಂಪು, ಪಲ್ಲಾಡಿಯಂ ಇದ್ದರೆ ಹಳದಿ. ಅಚ್ಚ ಹಳದಿ ಬಂತು. ಹರಿಯುವ ದ್ರಾವಣ ಪಲ್ಲಾಡಿಯಂ ಅನ್ನು ಚೂರುಚೂರೇ ಕರಗಿಸಿಕೊಂಡು ಕೆಳಗೆ ತಂದಿತ್ತು; ನಳಿಕೆಯಲ್ಲಿ ಉಳಿದದ್ದು ಬರೀ ಇದ್ದಲಿ. ಅದನ್ನು ತೊಳೆಸಿ ಮೋರಿಗೆ ಬಿಡಿಸಿದ ಕಳ್ಳಿ ನಾನು.

ಭಾನುವಾರ ಗೊರೇಬಾಳಕ್ಕೆ ಹೋದೆ. ಯಕ್ಕ ನಾಟಿಯ ಗದ್ದೆಯಲ್ಲಿದ್ದರು. ಬದುವಿನ ಮೇಲೆ ನಿಂತೇ ಎಲ್ಲ ಹೇಳಿ, ತಪ್ಪಾತು ಅಂದೆ. ಅವರು ಸಸಿಯ ಕಟ್ಟನ್ನು ಕೆಳಗಿಡಲಿಲ್ಲ.

"ನನಗ ಹೇಳಿದ್ರ ಏನು ಬಂತ್ರೀ? ನಾ ತಗೊಂಡಿಲ್ಲ ಅಂತ ನನಗ ಗೊತ್ತೈತಿ. ಯಾರ ಮುಂದ ಕಳವು ಹಚ್ಚೀರಿ, ಅವರ ಮುಂದ ತೆಗೀರಿ."

"ತೆಗೀತೀನಿ. ನೀ ತಿರುಗಿ ಕೆಲಸಕ್ಕ ಬಾ, ಯಕ್ಕಾ."

"ಕೆಲಸ ಬ್ಯಾಡ್ರೀ. ನನ್ನ ಹೆಸರು ತಿರುಗಿ ಕೊಡ್ರಿ, ಸಾಕು."

ನಾಳೆಯೇ ಹೇಳುತ್ತೇನೆಂದು ಮಾತು ಕೊಟ್ಟು ಬಂದೆ.

ಸೋಮವಾರ ಅದೇ ಕೋಣೆ, ಅದೇ ಐದು ಜನ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಬಂದಿದ್ದೆ. ಆದರೆ ಹೇಳಿದರೆ ಕಲಿಸುವ ಪಾಠವೇ ನನಗೆ ತಿಳಿದಿಲ್ಲ ಎಂದು ಒಪ್ಪಿಕೊಂಡಂತೆ. ಉಪನ್ಯಾಸಕರಿಬ್ಬರೂ ವರ್ಷಪೂರ್ತಿ ಆಡಿಕೊಳ್ಳುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಿನ್ಸಿಪಾಲರೇ ಕೇಳಿದರು, "ಹೊಸ ಆಯಾ ಬಂದಾಳಲ್ರೀ ಮೇಡಂ, ಈಕೀದರ ಕೈ ಶುದ್ಧ ಐತೇನು?"

ಎಲ್ಲರೂ ನಕ್ಕರು.

"ಹೌದ್ರೀ ಸರ್, ಈಕೀದು ಶುದ್ಧ ಐತಿ," ಅಂದೆ. ಅವರ ಜೊತೆ ನಾನೂ ನಕ್ಕೆ.