ಹಳದಿ ಬಟ್ಟೆಯ ಗಂಟು

ನಮ್ಮ ಬೀದಿಯ ಕೊನೆಯಲ್ಲಿರುವ ಗಿರಣಿಯಲ್ಲಿ ಇವತ್ತು ಬೆಳಿಗ್ಗೆ ಹುರಿಹಿಟ್ಟು ಬೀಸುತ್ತಿದ್ದರು. ಅರಳಿದ ರಾಗಿಯ ಆ ಘಮ ನಿಮಗೆ ಗೊತ್ತಿದ್ದರೆ ನಾನು ವಿವರಿಸಬೇಕಿಲ್ಲ. ಗೊತ್ತಿಲ್ಲದಿದ್ದರೆ ಎಷ್ಟು ವಿವರಿಸಿದರೂ ಉಪಯೋಗವಿಲ್ಲ, ಒಮ್ಮೆ ಕೊಳ್ಳೇಗಾಲಕ್ಕೆ ಬಂದುಹೋಗಿ. ಹಾಲು ತರಲು ಹೊರಟ ನಾನು ಹಾಲು ಮರೆತು ಒಂದು ಸೇರು ಹುರಿಹಿಟ್ಟು ಹಿಡಿದು ಮನೆಗೆ ಬಂದೆ. ಈಗ ಕಾಫಿಯೂ ಇಲ್ಲದೆ, ಬೀರುವಿನಿಂದ ತೆಗೆದ ಒಂದು ಹಳದಿ ಬಟ್ಟೆಯನ್ನು ಮುಂದೆ ಹರಡಿಕೊಂಡು ಕೂತಿದ್ದೇನೆ.

ವಿಷಯ ಇಷ್ಟೇ. ನಮ್ಮ ಆಸ್ಪತ್ರೆಯ ಸಂಚಾರಿ ವ್ಯಾನು ನಾಳೆ ಹೊಸ ನರ್ಸಿನ ಜೊತೆ ಕಾಡಂಚಿನ ಊರುಗಳಿಗೆ ಹೊರಡುತ್ತದೆ. ಇನ್ನು ಆ ವ್ಯಾನಿನ ಮೆಟ್ಟಿಲು ಹತ್ತುವುದಿಲ್ಲ ಎಂದು ನನ್ನ ಮೊಣಕಾಲುಗಳು ನನ್ನನ್ನು ಕೇಳದೆಯೇ ತೀರ್ಮಾನ ಮಾಡಿವೆ. ಆ ಹುಡುಗಿಯ ಕೈಗೆ ಹುರಿಹಿಟ್ಟಿನ ಒಂದು ಗಂಟು ಕೊಟ್ಟು ಕಳಿಸಬೇಕು. ಆದರೆ ಏನೆಂದು ಹೇಳಿ ಕೊಡುವುದು? ಊಟ ಎಂದರೆ ತಿಂದು ಮುಗಿಸುತ್ತಾರೆ. ದೇವರದ್ದು ಎಂದರೆ ಉಪವಾಸ ಬೀಳುತ್ತಾರೆ. ನಾನು ಎರಡನ್ನೂ ಮಾಡಿದವಳು, ಅದಕ್ಕೇ ಈ ಯೋಚನೆ.

ನನ್ನನ್ನು ಆ ವ್ಯಾನಿಗೆ ಹಾಕಿದ್ದು ಸುಮಾರು ಇಪ್ಪತ್ತು ವರ್ಷದ ಹಿಂದೆ. ವ್ಯಾನು ಎಂದರೆ ಸುಮ್ಮನೆ ಹೋಗಿ ಬರುವ ಗಾಡಿ ಅಂದುಕೊಳ್ಳಬೇಡಿ. ಅದರೊಳಗೆ ಒಂದು ಮಂಚ, ಎರಡು ಬೆಂಚು, ನಲ್ಲಿ ಇರುವ ನೀರಿನ ಡ್ರಮ್ಮು, ಸೀಮೆಎಣ್ಣೆ ಸ್ಟೌ ಎಲ್ಲ ಇದ್ದವು. ವಾರಕ್ಕೆ ನಾಲ್ಕು ದಿನ ನಾನು, ಡಾಕ್ಟರು ಮತ್ತು ಡ್ರೈವರ್ ಸಿದ್ದಯ್ಯ ಹನೂರಿನಿಂದ ಆಚೆಗೆ ಊರೂರು ಸುತ್ತುತ್ತಿದ್ದೆವು. ಗಂಡಸರು ಶಾಲೆಯ ಜಗಲಿಯಲ್ಲಿ ಮಲಗಿದರೆ ನಾನು ವ್ಯಾನಿನಲ್ಲಿ. ಯಳಂದೂರಿನಲ್ಲಿ ನನ್ನ ಅತ್ತೆ ಕೇಳಿದವರಿಗೆಲ್ಲ, "ನಮ್ ಸೊಸೆ ಚಕ್ರದ್ ಮ್ಯಾಲೆ ಸಂಸಾರ ಮಾಡ್ತಾವ್ಳೆ ಕಣವ್ವ" ಎನ್ನುತ್ತಿದ್ದರು. ಅದು ಹೊಗಳಿಕೆಯೋ ದೂರೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಸಿದ್ದಯ್ಯ ಮಧುವನಹಳ್ಳಿಯವರು. ಮಾತು ಕಡಿಮೆ, ಮೀಸೆ ಜಾಸ್ತಿ. ಬೆಂಚಿನ ಕೆಳಗೆ ಅವರು ಒಂದು ತಗಡಿನ ಪೆಟ್ಟಿಗೆ ಇಟ್ಟಿದ್ದರು. ಅದರ ತುಂಬ ಹುರಿಹಿಟ್ಟು, ಬೆಲ್ಲ, ಹುರಿಗಡಲೆ, ಕೊಬ್ಬರಿ. ಎಲ್ಲಾದರೂ ಸಿಕ್ಕಿಬಿದ್ದರೆ ಇರಲಿ ಎಂದು. "ಡೀಸಲ್ ಮುಗುದ್ರೆ ಗಾಡಿ ತಳ್ಬೋದು ಕಣ್ರಿ ನರ್ಸಮ್ಮಾ. ಹೊಟ್ಟೆಗಿಲ್ದೆ ಹೋದ್ರೆ ತಳ್ಳೋರ್ಯಾರು?" ಎಂದು ಕೇಳಿದ್ದರು ಮೊದಲ ದಿನವೇ. ನಾನು ದೊಡ್ಡದಾಗಿ ತಲೆಯಾಡಿಸಿದ್ದೆ. ಆದರೆ ಡಾಕ್ಟರಿಗೂ ನನಗೂ ಎಮರ್ಜೆನ್ಸಿ ದಿನಾ ಸಂಜೆ ಐದು ಗಂಟೆಗೆ ಸರಿಯಾಗಿ ಬಂದುಬಿಡುತ್ತಿತ್ತು. ಅವರಿಗೆ ಹುರಿಗಡಲೆ, ನನಗೆ ಬೆಲ್ಲ. ಸಿದ್ದಯ್ಯ ಎರಡು ಸಲ ಪೆಟ್ಟಿಗೆ ತುಂಬಿಸಿದರು, ನಾವು ಎರಡು ಸಲ ಖಾಲಿ ಮಾಡಿದೆವು. ಅವರು ಬೈಯಲಿಲ್ಲ. ಖಾಲಿ ಪೆಟ್ಟಿಗೆಯನ್ನು ಮನೆಗೆ ತೆಗೆದುಕೊಂಡು ಹೋದರು, ಅಷ್ಟೇ.

ಮುಂದಿನ ವಾರ ಅವರ ಸೀಟಿನ ಹಿಂದೆ, ಗೂಟಕ್ಕೆ ಒಂದು ಹಳದಿ ಬಟ್ಟೆಯ ಗಂಟು ನೇತಾಡುತ್ತಿತ್ತು. ಅದರ ಮೇಲೆ ಮೂರು ಬೆರಳ ವಿಭೂತಿ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದು ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತು ಕಟ್ಟಿದ ಮುಡುಪು, ಅವನ ಸನ್ನಿಧಿಗೆ ಹೋಗಿ ಒಪ್ಪಿಸುವವರೆಗೆ ಯಾರೂ ಬಿಚ್ಚುವಂತಿಲ್ಲ. "ಏನು ಹರಕೆ ಸಿದ್ದಯ್ಯ?" ಎಂದು ಕೇಳಿದೆ. "ಮಡಗಿವ್ನಿ ಬುಡಿ" ಎಂದರು. ಡಾಕ್ಟರು ದೇವರನ್ನು ನಂಬದವರು. ಆದರೂ ಆ ಗಂಟಿಗೆ ಅವರ ಕೈ ಹೋಗಲಿಲ್ಲ. ಪ್ರತಿ ಅಮಾವಾಸ್ಯೆಗೆ ಗಂಟು ಹೊಸದಾಗಿ ಕಾಣುತ್ತಿತ್ತು. ಅವತ್ತು ಸಿದ್ದಯ್ಯ ನಮಗಿಬ್ಬರಿಗೂ ಹುರಿಹಿಟ್ಟಿನ ಉಂಡೆ ಕೊಡುತ್ತಿದ್ದರು. ಪ್ರಸಾದವೆಂದು ನಾನು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದೆ.

ಒಂದು ಮಳೆಗಾಲದಲ್ಲಿ ಗೋಪಿನಾಥಂ ಕಡೆಯ ಪೊನ್ನಮ್ಮ ಎಂಬ ಹುಡುಗಿಗೆ ಕೊಳ್ಳೇಗಾಲದಲ್ಲಿ ಹೆರಿಗೆಯಾಯಿತು. ಚೊಚ್ಚಲು, ಹೆಣ್ಣು ಮಗು. ಆ ಕಡೆಗೆ ಬಸ್ಸು ಅಪರೂಪ. ನೋಡಿಕೊಳ್ಳಲು ಬಂದಿದ್ದ ತಾಯಿಗೇ ಜ್ವರ ಬಂದು ಆಸ್ಪತ್ರೆ ಸೇರಿದ್ದರಿಂದ ಬಾಣಂತಿಯನ್ನು ವ್ಯಾನಿನಲ್ಲೇ ಮನೆಗೆ ಬಿಡಲು ಹೊರಟೆವು. ಡಾಕ್ಟರನ್ನೂ ಔಷಧಿ ಪೆಟ್ಟಿಗೆಯನ್ನೂ ಹನೂರಿನ ಕ್ಯಾಂಪಿನಲ್ಲಿ ಇಳಿಸಿ, ಅಲ್ಲೇ ಒಂದೊಂದು ಇಡ್ಲಿ ತಿಂದು ಮುಂದೆ ಸಾಗಿದೆವು. ಮಧ್ಯಾಹ್ನದ ಊಟ ಪೊನ್ನಮ್ಮನ ಮನೆಯಲ್ಲೇ ಎಂದು ಮಾತಾಗಿತ್ತು. ಪಾಲಾರ್ ದಾಟಿ ಕಾಡಿನ ದಾರಿಯಲ್ಲಿ ಒಂದು ಹಳ್ಳ ದಾಟಿದೆವು. ಎರಡನೆಯ ಹಳ್ಳದ ಹತ್ತಿರ ಸಿದ್ದಯ್ಯ ಗಾಡಿ ನಿಲ್ಲಿಸಿ, "ಆಳ ನೋಡ್ಕಂಡ್ ಬತ್ತೀನಿ" ಎಂದು ಪಂಚೆ ಎತ್ತಿ ಕಟ್ಟಿ ಇಳಿದರು. ಮೊಣಕಾಲುದ್ದ ನೀರಿನಲ್ಲಿ ಅವರು ಆಚೆ ದಡ ಮುಟ್ಟಿದರು. ಅಷ್ಟರಲ್ಲಿ ಮೇಲೆಲ್ಲೋ ಬಿದ್ದ ಮಳೆ ಕೆಂಪಗೆ ಬಂತು ನೋಡಿ! ನಾನು ಕಣ್ಣು ಬಿಟ್ಟು ನೋಡುತ್ತಿದ್ದ ಹಾಗೆ ಹಳ್ಳ ಎದೆಯುದ್ದ ಏರಿತು. ಹಿಂದಿನ ಹಳ್ಳವೂ ಅದೇ ಗತಿಯೆಂದು ನೀರಿನ ಸದ್ದೇ ಹೇಳುತ್ತಿತ್ತು.

ಅವರು ಆ ದಡ, ನಾವು ಈ ದಡ. ಅವರು ಕೂಗಿದ್ದು ನೀರಿನ ಅಬ್ಬರದಲ್ಲಿ ನಮಗೆ ಕೇಳಲಿಲ್ಲ. ಆಮೇಲೆ ಸನ್ನೆ ಶುರು ಮಾಡಿದರು. ವ್ಯಾನಿನ ಕಡೆ ಕೈ ತೋರಿಸಿದರು, ಐದು ಬೆರಳು ಕೂಡಿಸಿ ಬಾಯಿಗೆ ಒಯ್ದರು. ಊಟ ಆಯ್ತಾ ಎಂದು ಕೇಳುತ್ತಿದ್ದಾರೆ ಅಂದುಕೊಂಡು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಎರಡು ಕೈಯನ್ನೂ ಎದೆಯ ಮುಂದೆ ಹಿಡಿದು ಏನೋ ತಿರುಚಿದರು. ಪಾಪ, ಒದ್ದೆ ಬಟ್ಟೆ ಹಿಂಡಲು ಹೇಳುತ್ತಿದ್ದಾರೆ ಎಂದು ನಾನು ನನ್ನ ಸೆರಗು ಹಿಂಡಿ ತೋರಿಸಿದೆ. ಸಿದ್ದಯ್ಯ ತಲೆ ಚಚ್ಚಿಕೊಂಡು ಊರಿನ ಕಡೆ ಓಡಿದರು. ನನ್ನ ಸರ್ವಿಸಿನಲ್ಲಿ ಅಷ್ಟು ವಿಧೇಯಳಾಗಿ ನಾನು ಇನ್ಯಾವ ಆರ್ಡರನ್ನೂ ಪಾಲಿಸಿಲ್ಲ.

ಮಧ್ಯಾಹ್ನ ಕಳೆಯಿತು. ಪೊನ್ನಮ್ಮ ಮೂರು ದಿನದ ಹಸಿ ಬಾಣಂತಿ, ಬೆಳಗಿನ ಒಂದು ಇಡ್ಲಿ ಬಿಟ್ಟರೆ ಹೊಟ್ಟೆಯಲ್ಲಿ ಬರಿ ನೀರು. ಮಗು ಬಾಯಿ ಹಾಕುತ್ತದೆ, ಎರಡು ಸಲ ಚೀಪುತ್ತದೆ, ಬಿಟ್ಟು ಚೀರುತ್ತದೆ. ಸಂಜೆಯ ಹೊತ್ತಿಗೆ ಆ ಚೀರಾಟ ಸಣ್ಣದಾಯಿತು. ಮಕ್ಕಳು ಜೋರಾಗಿ ಅತ್ತರೆ ನರ್ಸುಗಳು ಹೆದರುವುದಿಲ್ಲ, ದನಿ ಸಣ್ಣದಾದರೆ ಹೆದರುತ್ತೇವೆ. ಬೆಂಚುಗಳ ಕೆಳಗೆಲ್ಲ ತಡಕಾಡಿದೆ. ಇದ್ದ ಔಷಧಿ, ಗ್ಲೂಕೋಸು ಎಲ್ಲ ಹನೂರಿನಲ್ಲಿ. ನೀರು ಯಾವಾಗ ಇಳಿಯುತ್ತದೋ ಹೇಳುವವರಿಲ್ಲ. ಆಗ ಸೀಟಿನ ಹಿಂದಿನ ಗಂಟಿನಿಂದ ಹುರಿದ ರಾಗಿಯ ಘಮ ಬಂತು.

ಪೊನ್ನಮ್ಮ ನನ್ನ ಕಣ್ಣು ಹೋದ ಕಡೆ ನೋಡಿ ಎದ್ದೇ ಕೂತಳು. "ಬ್ಯಾಡಕ್ಕಾ! ಮಾದಪ್ಪನ್ ಮುಡುಪು ಅದು. ಮಗೀಗೆ ಏನಾದ್ರೂ ಆಗ್ಬುಟ್ರೆ?"

ನಾನು ಬಹಳ ಧೈರ್ಯಸ್ಥೆ ಎಂದು ಇಲ್ಲಿ ಬರೆದುಕೊಳ್ಳಬಹುದಿತ್ತು, ನೀವೇನು ನೋಡಲು ಬಂದಿದ್ದಿರಾ? ಆದರೆ ನಿಜ ಹೇಳುತ್ತೇನೆ, ನಾನೂ ಹೆದರಿದ್ದೆ. ನನಗೂ ಮನೆಯಲ್ಲಿ ಆರು ವರ್ಷದ ಮಗನಿದ್ದ. ಗಂಟನ್ನು ಗೂಟದಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡೆ. ಮಗು ಮತ್ತೊಮ್ಮೆ ಸಣ್ಣಗೆ ಅತ್ತಿತು. "ಅಪ್ಪಾ, ಬಿಚ್ಚೋಳು ನಾನು, ಏನಿದ್ರೂ ನನ್ ಕೇಳು, ಇವ್ರಿಬ್ರನ್ನ ಕೇಳ್ಬೇಡ" ಎಂದು ಬೆಟ್ಟದ ಕಡೆ ತಿರುಗಿ ಗಟ್ಟಿಯಾಗಿಯೇ ಹೇಳಿದೆ. ಅದನ್ನು ಕೇಳಿ ಪೊನ್ನಮ್ಮ ಅತ್ತುಬಿಟ್ಟಳು.

ಸಿದ್ದಯ್ಯನ ಗಂಟು ಅಂದರೆ ಲಾರಿಯ ಹಗ್ಗದ ಗಂಟು. ಉಗುರು ಮುರಿಯಿತು. ಕತ್ತರಿಯೂ ಹನೂರಿನಲ್ಲೇ. ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆದು ಬಿಚ್ಚಿದೆ. ಒಳಗೆ ಒಂದು ಸೇರಿನಷ್ಟು ಹುರಿಹಿಟ್ಟು, ಅಚ್ಚುಬೆಲ್ಲ, ಕೊಬ್ಬರಿ, ಒಂದು ಬೆಂಕಿಪೊಟ್ಟಣ. ಬೆಂಕಿಪೊಟ್ಟಣ ನೋಡಿದಾಗಲೇ ನನಗೆ ಅರ್ಥವಾಗಬೇಕಿತ್ತು, ದೇವರಿಗೆ ಯಾರು ಬೆಂಕಿಪೊಟ್ಟಣ ಕಟ್ಟಿಡುತ್ತಾರೆ? ಆದರೆ ಆ ಹೊತ್ತಿನಲ್ಲಿ ಬುದ್ಧಿ ಎಲ್ಲಿತ್ತು. ಸ್ಟೌ ಹಚ್ಚಿ ಬೆಲ್ಲದ ನೀರು ಕಾಯಿಸಿ ಹಿಟ್ಟು ಕದಡಿ ಗಂಜಿ ಮಾಡಿದೆ. ಬಾಣಂತಿಗೆ ಅದು ತಂಪೋ ಉಷ್ಣವೋ ಎಂದು ವಾದ ಹೂಡಲು ಪುಣ್ಯಕ್ಕೆ ಯಾವ ಅತ್ತೆಯೂ ಅಲ್ಲಿರಲಿಲ್ಲ. ಪೊನ್ನಮ್ಮ ಎರಡು ಲೋಟ ಕುಡಿದಳು. ನಾನೂ ಕುಡಿದೆ. ಹೊತ್ತು ಮುಳುಗುವಾಗ ಇನ್ನೊಂದು ಲೋಟ ಕೊಟ್ಟೆ. ಕತ್ತಲಾದ ಮೇಲೆ ಮತ್ತೆ ಬಾಯಿ ಹಾಕಿದ ಮಗು ಈ ಸಲ ಬಿಡಲಿಲ್ಲ. ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿಸಿತು. ನನ್ನ ಜೀವನದಲ್ಲಿ ನಾನು ಕೇಳಿದ ಒಳ್ಳೆಯ ಸದ್ದುಗಳಲ್ಲಿ ಅದೂ ಒಂದು.

ಬೆಳಿಗ್ಗೆ ನೀರು ಇಳಿದು ಸಿದ್ದಯ್ಯ ಪೊನ್ನಮ್ಮನ ಗಂಡನ ಜೊತೆ ಬಂದರು. ನಾನು ಖಾಲಿ ಹಳದಿ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ತಪ್ಪಿತಸ್ಥಳಂತೆ ನಿಂತಿದ್ದೆ. "ಸಿದ್ದಯ್ಯ, ನಿಮ್ಮ ಮುಡುಪು ಬಿಚ್ಚಿಬಿಟ್ಟೆ."

"ಅಯ್ಯೋ ನನ್ನವ್ವ, ಬಿಚ್ಚಿ ಅಂತ್ಲೇ ಅಲ್ವಾ ಆ ದಡದಲ್ಲಿ ನಿಂತ್ಕಂಡು ಕೈ ತಿರುಚಿ ತಿರುಚಿ ತೋರ್ಸಿದ್ದು! ನೀವ್ ನೋಡುದ್ರೆ ಸೀರೆ ಹಿಂಡ್ತಾ ನಿಂತ್ಬುಟ್ರಿ!" ಎಂದು ನಕ್ಕರು. ಅದು ಹರಕೆಯೇ ಅಲ್ಲವಂತೆ, ಮುಡುಪಿನ ಹಾಗೆ ಕಟ್ಟಿದ್ದು ನಮ್ಮ ಐದು ಗಂಟೆಯ ಹಸಿವಿಗೆ ಹೆದರಿ. ಅಮಾವಾಸ್ಯೆಯ ಪ್ರಸಾದವೆಂದರೆ ಹಳೆಯ ದಾಸ್ತಾನು, ಹಿಟ್ಟು ಮುಗ್ಗಲು ಹಿಡಿಯುವ ಮೊದಲು ನಮಗೆ ತಿನ್ನಿಸಿ ಹೊಸದು ಕಟ್ಟುತ್ತಿದ್ದರು. ಮತ್ತೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ, "ದೇವ್ರುದ್ದು ಅಂತ ತಿಳ್ಕಂಡೇ ಬಿಚ್ಚುದ್ರಾ ನರ್ಸಮ್ಮಾ?" ಎಂದು ಕೇಳಿದರು. ಹೂಂ ಅಂದೆ. ಅವರು ವ್ಯಾನು ಹತ್ತುವ ಮೊದಲು ಹೆಗಲ ಟವಲು ತೆಗೆದು ನನಗೆ ಕೈ ಮುಗಿದರು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಹಳ್ಳ ನೋಡಿದೆ.

ಆ ಮಗು ಈಗ ಕೊಳ್ಳೇಗಾಲದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ತಲೆನೋವೆಂದು ಆಸ್ಪತ್ರೆಗೆ ಬಂದು ಅರ್ಧ ಗಂಟೆ ನನ್ನ ತಲೆ ತಿನ್ನುತ್ತಾಳೆ. ಅವಳ ದನಿಯಂತೂ ಸಣ್ಣದಾಗುವ ಲಕ್ಷಣವೇ ಇಲ್ಲ.

ಇಷ್ಟು ಬರೆದಿಟ್ಟು ಗಂಟು ಕಟ್ಟುವಷ್ಟರಲ್ಲಿ ಸಂಜೆ ಆ ಹೊಸ ನರ್ಸು ಹುಡುಗಿ ಮನೆಗೆ ಬಂದಳು. ಹಳದಿ ಬಟ್ಟೆ ಕಂಡವಳೇ ಚಪ್ಪಲಿ ಬಿಟ್ಟು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. "ಯಾವ್ ದೇವ್ರುದ್ದು ಸಿಸ್ಟರ್?"

ಬೆಳಿಗ್ಗೆಯಿಂದ ಯೋಚಿಸಿದ್ದೆಲ್ಲ ಮರೆತುಹೋಯಿತು. "ಮಾದಪ್ಪಂದು. ಒಳಗೆ ಹುರಿಹಿಟ್ಟಿದೆ. ಯಾರಾದ್ರೂ ನಿಜವಾಗಿ ಹಸ್ಕೊಂಡ್ರೆ ಬಿಚ್ಚು. ನಾನೂ ಬಿಚ್ಚಿದ್ದೆ, ಅವನು ಏನೂ ಅನ್ನಲಿಲ್ಲ" ಎಂದೆ.

 ಅವಳು ನೆಲದ ಮೇಲೆ ಕೂತು, ನಾನು ಸಿದ್ದಯ್ಯನ ಹಾಗೆಯೇ ಬಿಗಿದಿದ್ದ ಗಂಟನ್ನು ಕಷ್ಟಪಟ್ಟು ಬಿಡಿಸಿ, ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವಂತೆ ಮತ್ತೆ ಕಟ್ಟಿದಳು.

"ಅವಸರದಲ್ಲಿ ಬಿಚ್ಚಕ್ಕೆ ಬರ್ಬೇಕಲ್ವಾ ಸಿಸ್ಟರ್" ಎಂದಳು.

ಇಷ್ಟು ವರ್ಷ ನನಗೆ ಅದು ಹೊಳೆದೇ ಇರಲಿಲ್ಲ.